ಚಿಗವ್ವನ ಹೊಸ ಕಣ್ಣು

ಹೊಸ ಸೀರೆ ಉಟ್ಟು ಮದುವೆ ಮುಗಿಸಿಕೊಂಡು ಬಂದು, ಮೊದಲಿನಂತೆಯೇ ಮಡಚಿ, ‘ಬಣ್ಣ ಒಪ್ಪಲಿಲ್ಲ’ ಎಂದು ಅಂಗಡಿಗೆ ವಾಪಸು ಕೊಡುವ ಮಂದಿ ನಮ್ಮಲ್ಲಿ ಮೊದಲಿನಿಂದಲೂ ಇದ್ದಾರೆ. ಅಂಗಡಿಯವನಿಗೆ ಮಲ್ಲಿಗೆಯ ವಾಸನೆ ಹೊಡೆಯುತ್ತದೆ, ಆದರೆ ಬಾಯಿಬಿಟ್ಟು ಹೇಳಲಾರ. ಕಂಪ್ಯೂಟರ್ ಆಟಗಳ ಅಂಗಡಿಗೂ ಇದೇ ಕಾಟವಿತ್ತು. ಎರಡು ತಾಸಿನ ಆಟವನ್ನು ಪೂರ್ತಿ ಆಡಿ, ಕೊನೆಗೆ ಕಣ್ಣೀರನ್ನೂ ಹಾಕಿ, ಆಮೇಲೆ ‘ಇಷ್ಟವಾಗಲಿಲ್ಲ’ ಎಂದು ಒಂದು ಗುಂಡಿ ಒತ್ತಿ ಹಣ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ದೊಡ್ಡ ಕಂಪನಿಗಳು ಹೇಗೋ ತಡೆದುಕೊಂಡವು. ಇಬ್ಬರು ಮೂವರು ಕೂಡಿ ಸಣ್ಣ ಆಟ ಮಾಡುವವರ ಹೊಟ್ಟೆಯ ಮೇಲೆ ಹೊಡೆತ ಬಿತ್ತು.

ಇದಕ್ಕೆ ಆಟಕಟ್ಟೆ ಎಂಬ ಅಂಗಡಿ ಮದ್ದು ಕಂಡುಹಿಡಿಯಿತು. ಅಂಗಡಿ ಎಂದರೆ ಗೋಡೆ ಬಾಗಿಲು ಇರುವುದಲ್ಲ, ಪರದೆಯ ಮೇಲಿನದು. ಆಟ ಮಾಡಿದವರು ಅಲ್ಲಿಗೆ ತಮ್ಮ ಆಟವನ್ನು ಏರಿಸುತ್ತಾರೆ, ಮುಖಚಿತ್ರ ಹಚ್ಚುತ್ತಾರೆ, ದೇಶಕ್ಕೊಂದು ದರ ಬರೆಯುತ್ತಾರೆ, ಬಿಡುಗಡೆಯ ದಿನ ಗೊತ್ತುಮಾಡುತ್ತಾರೆ. ಕೊಂಡವರು ಮನೆಯಲ್ಲೇ ಇಳಿಸಿಕೊಂಡು ಆಡುತ್ತಾರೆ. ಮಾರಿದ್ದರಲ್ಲಿ ಅಂಗಡಿಗೆ ಪಾಲು. ಆಟಕಟ್ಟೆಯ ಆಟ ಆಡಬೇಕಾದರೆ ಹಣೆಗೆ ಒಂದು ಪಟ್ಟಿ ಕಟ್ಟಿಕೊಳ್ಳಬೇಕು. ಆಡುವವರ ಸುಖದುಃಖವನ್ನು ಆ ಪಟ್ಟಿ ಏರಿಳಿಯುವ ಗೆರೆಯಾಗಿ ಬರೆಯುತ್ತದೆ. ಜೊತೆಗೆ, ಆ ಹೊತ್ತಿನಲ್ಲಿ ಮಿದುಳಿನಲ್ಲಿ ಹುಟ್ಟುವ ಹೊಸ ನೆನಪಿನ ಎಳೆಗಳಿಗೆಲ್ಲ ಗುರುತು ಹಚ್ಚುತ್ತ ಹೋಗುತ್ತದೆ. ನೆನಪು ಹುಟ್ಟಿದೊಡನೆ ಗಟ್ಟಿಯಾಗುವುದಿಲ್ಲ, ಗೋಡೆಯ ಹೊಸ ಗಿಲಾವಿನಂತೆ ಕೆಲವು ತಾಸು ಹಸಿಯಾಗಿರುತ್ತದೆ. ಆಟ ಮುಗಿದಾಗ ಪರದೆಯ ಮೇಲೆ ಎರಡು ಗುಂಡಿ ಕಾಣಿಸುತ್ತವೆ. ‘ಇಟ್ಟುಕೋ’ ಒತ್ತಿದರೆ ಗುರುತು ಅಳಿದು ನೆನಪು ಉಳಿಯುತ್ತದೆ. ‘ಮರಳಿಸು’ ಒತ್ತಿದರೆ ಹಣ ವಾಪಸು ಬರುತ್ತದೆ, ಗುರುತು ಹತ್ತಿದ ಎಳೆಗಳೆಲ್ಲ ಕಳಚಿ ಬೀಳುತ್ತವೆ. ಆಟವನ್ನು ಹಿಂದಕ್ಕೆ ಕೊಟ್ಟ ಮೇಲೆ ಅದರ ಸುಖ ಮಾತ್ರ ನಿಮ್ಮ ಹತ್ತಿರ ಯಾಕೆ ಇರಬೇಕು ಎಂಬುದು ಅಂಗಡಿಯ ನ್ಯಾಯ.

ಪಟ್ಟಿಗೆ ಆಟ ಯಾವುದು, ಆಟವಲ್ಲದ್ದು ಯಾವುದು ಎಂಬ ವಿವೇಕ ಇಲ್ಲ. ಹಣೆಯ ಮೇಲಿದ್ದಷ್ಟು ಹೊತ್ತು ಏನು ನಡೆದರೂ ಅದಕ್ಕೆ ಆಟವೇ. ಆದ್ದರಿಂದ ‘ಯಾರಾದರೂ ಮಾತನಾಡಿಸಿದರೆ ಆಟವನ್ನು ತಡೆದು ನಿಲ್ಲಿಸಿ’ ಎಂದು ಅದರ ಡಬ್ಬಿಯ ಮೇಲೆ ಅಚ್ಚು ಹಾಕಿದ್ದರು. ಡಬ್ಬಿಯ ಮೇಲಿನದನ್ನು ಓದುವವರು ಯಾರು?

ಆಟ ಮಾಡುವವರಿಗೆ ಮರಳಿಸು ಗುಂಡಿ ಬೇರೆಯೇ ಕಾರಣಕ್ಕೆ ಸಿಹಿಯಾಯಿತು. ಆಟದ ಮೊದಲ ಹತ್ತು ನಿಮಿಷ ಮನಸ್ಸು ಹಿಡಿಯುತ್ತದೋ ಇಲ್ಲವೋ ತಿಳಿಯಬೇಕಾದರೆ ಅದನ್ನು ಎಂದೂ ಕಾಣದ ಮನುಷ್ಯ ಬೇಕು. ಅಂಥವರಿಗೆ ಈ ಕಸುಬಿನಲ್ಲಿ ‘ಹೊಸ ಕಣ್ಣು’ ಎನ್ನುತ್ತಾರೆ. ಒಮ್ಮೆ ಆಡಿದರೆ ಆ ಕಣ್ಣು ಹಳತಾಯಿತು, ಮತ್ತೊಬ್ಬರನ್ನು ಹುಡುಕಬೇಕು. ದೊಡ್ಡವರು ನೂರಾರು ಜನರನ್ನು ಕರೆಸುತ್ತಾರೆ. ಸಣ್ಣವರು ಮನೆಯಲ್ಲೇ ಒಬ್ಬರನ್ನು ಹಿಡಿದು ಕೂರಿಸಿದರು. ಆಡಿಸುವುದು, ಮರಳಿಸುವುದು, ತಿದ್ದುವುದು, ತಿರುಗಿ ಆಡಿಸುವುದು. ಅದೇ ಕಣ್ಣು, ಪ್ರತಿ ಸಲವೂ ಹೊಸದು. ತಮ್ಮ ಆಟವನ್ನು ಯಾವಾಗ ಬೇಕಾದರೂ, ಎಷ್ಟು ಸಲ ಬೇಕಾದರೂ ಮರಳಿಸಲು ಆಟಕಟ್ಟೆ ಅವರಿಗೆ ಪರವಾನಗಿಯನ್ನೂ ಕೊಟ್ಟಿತ್ತು.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ದಾಕ್ಷಾಯಣಿ ಕಮತರಳ ಮನೆಯಲ್ಲಿ ಈ ಹೊಸ ಕಣ್ಣು ಅವಳ ಚಿಗವ್ವ ನೀಲವ್ವನದು.

ತಾಯಿ ತೀರಿಕೊಂಡ ಮೇಲೆ ದಾಕ್ಷಿಯನ್ನು ಬೆಳೆಸಿದವಳು ತಾಯಿಯ ತಂಗಿಯಾದ ಈ ನೀಲವ್ವ. ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಸೇರಿ, ಹುಬ್ಬಳ್ಳಿ ಗದಗ ನಡುವೆ ಓಡಾಡಿ, ನಿವೃತ್ತಿಯಾಗಿ ಈಗ ಮನೆಯಲ್ಲಿದ್ದಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಅವಳಿಗೆ ಶೈಲಾ ಎಂಬ ಒಬ್ಬಳೇ ಮಗಳು. ಐದು ವರ್ಷದ ಹಿಂದೆ ಶೈಲಾ ತಾಯಿಗೆ ಹೇಳದೆ ಗದಗ ಬೆಟಗೇರಿಯ ಸ್ಟೀಫನ್ ಕಟ್ಟಿಮನಿ ಎಂಬ ಡ್ರಾಯಿಂಗ್ ಮಾಸ್ತರನನ್ನು ಮದುವೆಯಾದಳು. ಬೇರೆ ಧರ್ಮದವನು ಅನ್ನುವುದಕ್ಕಿಂತ, ಹೇಳದೆ ಆದಳು ಅನ್ನುವುದು ನೀಲವ್ವನಿಗೆ ನೆಟ್ಟಿತು. ಗದಗ ಬಸ್ಸೇ ಬೇಡ ಎಂದು ಡ್ಯೂಟಿ ಬದಲಿಸಿಕೊಂಡಳು. ಅಂದಿನಿಂದ ತಾಯಿ ಮಗಳು ಮಾತು ಬಿಟ್ಟಿದ್ದರು. ಯಾರಾದರೂ ಕೇಳಿದರೆ ನೀಲವ್ವ, “ಫೋನ್ ಮಾಡಬೇಕಾದಾಕಿ ಅಕಿ, ನಾ ಅಲ್ಲ” ಎಂದು ಮಾತು ಮುಗಿಸುತ್ತಿದ್ದಳು. ಹಾಗೆ ಹೇಳುವಾಗೆಲ್ಲ ಸೊಂಟದ ಸಂಚಿಯಲ್ಲಿದ್ದ ಹಳೇ ಗುಂಡಿ ಫೋನನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ದಾಕ್ಷಿ ಮತ್ತು ಅವಳ ಜೊತೆಗಾರ ಇಮ್ತಿಯಾಜ್ ಮುಲ್ಲಾ ಮಾಡುತ್ತಿದ್ದ ಆಟದ ಹೆಸರು ‘ಹಗ್ಗ’. ಬರೆಯುವುದು ಅವಳು, ಚಿತ್ರ ಅವನದು. ನೀರಿಲ್ಲದ ಊರಿನಲ್ಲಿ ಒಬ್ಬ ಹೆಂಗಸು ಹಳೇ ಬಟ್ಟೆ ಹರಿದು ಹರಿದು ಹಗ್ಗ ಹೊಸೆಯುತ್ತಾಳೆ. ಒಂಬತ್ತನೇ ನಿಮಿಷಕ್ಕೆ ಹಗ್ಗ ಬಾವಿಯ ತಳ ಮುಟ್ಟುತ್ತದೆ. ಕೊಡ ಮೇಲೆ ಬಂದಾಗ ಅದರಲ್ಲಿ ನೀರಿನ ಬದಲು ಒಂದು ಹಸಿರು ಬಳೆ ಇರುತ್ತದೆ. ಈ ಬಾವಿಯ ದೃಶ್ಯದ ಮೇಲೆ ದಾಕ್ಷಿಗೆ ಬಲು ಅಭಿಮಾನ. ಚಿಗವ್ವನ ಗೆರೆ ಮಾತ್ರ ಅಲ್ಲಿ ಪ್ರತಿ ಸಲವೂ ತೆಪ್ಪಗೆ ಮಲಗಿರುತ್ತಿತ್ತು.

ಆಡಿಸುವ ಕ್ರಮ ಹೀಗಿತ್ತು. ಚಿಗವ್ವ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬಳೇ ಕೂರಬೇಕು. ಇವರಿಬ್ಬರೂ ನಡುಮನೆಯಲ್ಲಿ ಗೆರೆ ನೋಡುತ್ತ ಕೂರುವರು. ನಡುವೆ ಆಟ ತಡೆಯುವಂತಿಲ್ಲ, ತಡೆದರೆ ಗೆರೆ ತುಂಡಾಗುತ್ತದೆ. ಆಡಿದ ಮೇಲೆ ಅಭಿಪ್ರಾಯ ಕೇಳುವಂತಿಲ್ಲ. ಮನೆಮಂದಿ ಸುಳ್ಳು ಹೇಳುತ್ತಾರೆ, ಗೆರೆ ಹೇಳುವುದಿಲ್ಲ. ಆಟ ಮುಗಿದ ಕೂಡಲೇ ನಡುಮನೆಯಿಂದಲೇ ಮರಳಿಸು ಒತ್ತುವುದು. ಇದೆಲ್ಲ ದಾಕ್ಷಿಯ ಕಾಯಿದೆ. ಚಿಗವ್ವ ಅದಕ್ಕೆ ‘ನನ್ನ ಡ್ಯೂಟಿ’ ಎನ್ನುತ್ತಿದ್ದಳು.

“ಇವತ್ತ ಏನ್ ಆಡಿದ್ನವಾ ನಾ?” ಎಂದು ಆಮೇಲೆ ಚಹಾ ಕುಡಿಯುತ್ತ ಕೇಳುವಳು.

“ಹಗ್ಗಾ ಹೊಸದಿ.”

“ಛಲೋ ಇತ್ತೇನು?”

“ಅದನ್ನ ನೀ ಹೇಳಬೇಕು ಚಿಗವ್ವ.”

“ನನಗೇನ್ ನೆನಪೈತಿ, ಮಣ್ಣು. ಮಲಗಿ ಬಂದ ಪ್ಯಾಸೆಂಜರಿಗೆ ದಾರಿ ಹೆಂಗಿತ್ತು ಅಂತ ಕೇಳಿದಂಗ ಆತು.” ಹೀಗೆಂದು ತಾನೇ ನಗುವಳು.

ಒಂದು ಬೆಳಿಗ್ಗೆ ಗೆರೆ ಎದ್ದಿತು. ಎಂಟು ನಿಮಿಷ ನೆಲ ಹಿಡಿದು ಮಲಗಿದ್ದದ್ದು, ಸರಿಯಾಗಿ ಬಾವಿಯ ಹತ್ತಿರ ಬಂದಾಗ ಪರದೆಯ ನೆತ್ತಿಗೆ ಹೋಗಿ ಹೊಡೆಯಿತು. ದುಃಖದ ಗೆರೆ, ಸಂತೋಷದ ಗೆರೆ ಎರಡೂ ಒಟ್ಟಿಗೆ ಏರಿದವು. ಇಳಿಯಲೇ ಇಲ್ಲ.

“ಅಕ್ಕಾ, ಇಲ್ನೋಡು,” ಎಂದ ಇಮ್ತಿಯಾಜ್, ಕುರ್ಚಿಯಿಂದ ಅರ್ಧ ಎದ್ದು. “ಇಂಥಾದ್ದು ನಾ ಎಲ್ಲೂ ನೋಡಿಲ್ಲ.”

ದಾಕ್ಷಿ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದಳು. ಹಿಂದಿನ ದಿನವಷ್ಟೇ ಬಳೆಯ ಬಣ್ಣವನ್ನು ತುಸು ಗಾಢ ಮಾಡಿದ್ದಳು. ಅದೇ ಹತ್ತಿತು ಎಂದುಕೊಂಡಳು. ಆಟ ಮುಗಿಯಿತು. ಒಳಗಿನಿಂದ ಚಿಗವ್ವ ಕೂಗುತ್ತ ಬರುವುದು ಕೇಳಿಸಿತು: “ದಾಕ್ಷೀ, ಏ ದಾಕ್ಷಿ, ಎಲ್ಲಿದ್ದೀ, ಇಲ್ಲಿ ಬಾರವಾ.” ಆ ದನಿಯಲ್ಲಿ ಅಂಥ ಸಂತೋಷವನ್ನು ದಾಕ್ಷಿ ವರ್ಷಗಟ್ಟಲೆ ಕೇಳಿರಲಿಲ್ಲ. ಆಟವನ್ನು ಹೊಗಳಲು ಬರುತ್ತಿದ್ದಾಳೆ, ಮಾತಿಗೆ ಸಿಕ್ಕರೆ ಕಾಯಿದೆ ಮುರಿಯುತ್ತದೆ, ಈ ಗೆರೆ ಮತ್ತೊಮ್ಮೆ ಹೀಗೇ ಏರುತ್ತದೋ ನೋಡಬೇಕು. ಹೀಗೆ ಎಣಿಸಿ, ಚಿಗವ್ವ ಬಾಗಿಲು ಮುಟ್ಟುವುದರೊಳಗೆ ದಾಕ್ಷಿ ಮರಳಿಸು ಒತ್ತಿದಳು.

ಚಿಗವ್ವ ಬಾಗಿಲಲ್ಲಿ ನಿಂತುಬಿಟ್ಟಳು. ಬಾಯಿ ತೆರೆದಿತ್ತು. ಎರಡೂ ಕೆನ್ನೆ ಒದ್ದೆಯಾಗಿದ್ದವು.

“ನಾ ಯಾಕ ಎದ್ದ ಬಂದೆ?” ಎಂದಳು.

“ಆಟ ಮುಗೀತ್ ಚಿಗವ್ವ. ಚಹಾ ಮಾಡ್ಲೇನು?”

“ಮಾಡು. ಕಣ್ಣಾಗ ಏನರ ಬಿತ್ತೋ ಏನೋ, ನೋಡು, ಹೆಂಗ ನೀರ ಬರಾಕತ್ತೈತಿ.” ಸೆರಗಿನಿಂದ ಒರೆಸಿಕೊಂಡು ಅಡಿಗೆಮನೆಗೆ ಹೋದಳು. ಸಂಜೆ ಫೋನ್ ತೆಗೆದು ನೋಡಿ, “ಯಾವುದೋ ನಂಬರಿಂದ ಬಂದೈತಿ. ಸಾಲಾ ಕೊಡತೇವಿ ಅನ್ನಾವ್ರಿರಬೇಕು” ಎಂದು ಅದನ್ನು ಮತ್ತೆ ಸಂಚಿಗೆ ತುರುಕಿದಳು.

ಆಮೇಲೆ ಎರಡು ಸಲ ಆಡಿಸಿದರು. ಗೆರೆ ಏಳಲಿಲ್ಲ. ಅಂಗಡಿಗೆ ಕಳಿಸಲು ಅವತ್ತಿನದು ಮಾತ್ರ ಸಾಕು ಎಂದಳು ದಾಕ್ಷಿ. ಇಮ್ತಿಯಾಜ್, “ಹಂಗ ಒಂದನ್ನ ಆರಿಸಿ ಕಳಸೂದು ಸರಿ ಏನಕ್ಕಾ?” ಎಂದ. “ಎಲ್ಲಾರೂ ಕಳಸ್ತಾರ,” ಎಂದಳು. ಅದೂ ನಿಜವೇ.

ಆಟಕಟ್ಟೆಯ ಆಯ್ಕೆ ವಿಭಾಗದಲ್ಲಿ ಮಿಥಿಲಾ ಪೈ ಎಂಬಾಕೆ ಇದ್ದಳು. ಮಣಿಪಾಲದ ಕಡೆಯ ಹುಡುಗಿ. ಅವಳ ಹಿಂದಿನ ಗೋಡೆಯ ತುಂಬ ಪರದೆಗಳು, ಪರದೆಗಳ ತುಂಬ ಸಾವಿರಾರು ಆಟಗಳ ಗೆರೆಗಳು ಹರಿದಾಡುತ್ತಿದ್ದವು. ಯಾವ ಆಟ ಅಂಗಡಿಯ ಮುಂಬಾಗಿಲಲ್ಲಿ ನಿಲ್ಲಬೇಕು, ಯಾವುದು ಹಿಂದಿನ ಕಪಾಟಿಗೆ ಹೋಗಬೇಕು ಎಂದು ಈ ಗೆರೆ ನೋಡಿಯೇ ನಿರ್ಧಾರ. ಹಿಂದಿನ ಕಪಾಟಿನಲ್ಲಿ ಇಟ್ಟ ಆಟ ಸತ್ತ ಹಾಗೆಯೇ. ದಿನಕ್ಕೆ ನೂರಾರು ಹೊಸವು ಬಂದು ಅದರ ಮೇಲೆ ಬೀಳುತ್ತವೆ.

“ನಿಮ್ಮ ಬಾವಿಯ ಗೆರೆ ನೋಡಿ ನಮ್ಮವರೆಲ್ಲ ದಂಗಾದ್ರು ಮಾರಾಯ್ರೆ,” ಎಂದಳು ಮಿಥಿಲಾ, ಪರದೆಯ ಆಚೆಯಿಂದ. “ಇಷ್ಟು ದುಃಖ, ಇಷ್ಟು ಖುಷಿ ಒಂದೇ ಕ್ಷಣದಲ್ಲಿ ಉಂಟಲ್ಲ, ಅದನ್ನು ನಾವು ಯಾವ ಆಟದಲ್ಲೂ ಕಂಡದ್ದಿಲ್ಲ. ಬಿಡುಗಡೆ ದಿನ ಮುಂಬಾಗಿಲು ನಿಮಗೇ. ಮುಖಚಿತ್ರದ ಕೆಳಗೆ ಆ ಗೆರೆಯನ್ನೇ ಹಾಕುವ, ಆಗದಾ?”

ಹಾಗೆಯೇ ಹಾಕಿದರು. ಬಾವಿ, ಹಗ್ಗ, ಕೆಳಗೆ ಚಿಗವ್ವನ ಗೆರೆ. ಬಿಡುಗಡೆಯಾದೊಡನೆ ಕೊಳ್ಳುತ್ತೇವೆ ಎಂದು ಗುರುತು ಹಾಕಿಟ್ಟವರು ಗಳಿಗೆ ಗಳಿಗೆಗೂ ಹೆಚ್ಚಿದರು. ದಾಕ್ಷಿ ಚಿಗವ್ವನನ್ನು ಕರೆದು ತೋರಿಸಿದಳು. “ಇದು ನಿನ್ನ ಮನಸ್ಸಿನ ಗೆರೀ ಚಿಗವ್ವ.” ಚಿಗವ್ವ ಕನ್ನಡಕ ಏರಿಸಿ ನೋಡಿ, “ಕುಮಟಾ ಘಾಟ್ ಇದ್ದಂಗೈತಲ್ಲ” ಎಂದು ಹೋದಳು.

ಬಿಡುಗಡೆಗೆ ಕೆಲವೇ ದಿನ ಇರುವಾಗ ದಾಕ್ಷಿಗೆ ಶೈಲಾಳ ಫೋನ್ ಬಂತು. ಐದು ವರ್ಷದಲ್ಲಿ ಮೊದಲ ಸಲ. ಶೈಲಾ ಕ್ಷೇಮ ಸಮಾಚಾರ ಏನೂ ಕೇಳಲಿಲ್ಲ.

“ಅಕ್ಕಾ, ಒಂದ್ ಮಾತ ಕೇಳ್ತೇನಿ, ಖರೇ ಹೇಳು. ಅವ್ವ ಯಾಕ ಬರಲಿಲ್ಲ?”

“ಎಲ್ಲಿಗೆ?”

“ತೊಟ್ಟಿಲಕ್ಕ. ಹೆಣ್ಣ ಕೂಸು ಆಗೈತಿ ನಂಗ. ನಾನಽ ಫೋನ್ ಮಾಡಿ ಹೇಳಿದ್ನಲ್ಲ ಅವ್ವಗ.”

ದಾಕ್ಷಿ ಯಾವತ್ತು ಎಂದು ಕೇಳಿದಳು. ಶೈಲಾ ಹೇಳಿದಳು. ಯಾವ ಹೊತ್ತಿಗೆ ಎಂದು ಕೇಳಿದಳು. ಅದನ್ನೂ ಹೇಳಿದಳು. ಗೆರೆ ನೆತ್ತಿಗೆ ಹೊಡೆದ ಬೆಳಿಗ್ಗೆ, ಅದೇ ಹೊತ್ತು.

“ಮೊದಲ ಬೈದ್ಲು,” ಎಂದಳು ಶೈಲಾ. “ಬಾಣಂತಿ ಆಗಿ ಗಾಳ್ಯಾಗ ನಿಂತು ಮಾತಾಡಾಕತ್ತಿಯೇನು, ಕಿವಿಗೆ ಅರಿವಿ ಕಟಗೋ ಅಂದ್ಲು. ಆಮ್ಯಾಲೆ ಅಳಾಕ ಹತ್ತಿದ್ಲು. ನಾನೂ ಅತ್ತೆ. ಈಗ ಸಿಗೂ ಮೊದಲನೇ ಬಸ್ಸಿಗೆ ಬರ್ತೇನಿ, ನಾ ಬರೂತನಾ ತೊಟ್ಟಿಲಾ ಕಟ್ಟಬ್ಯಾಡ್ರಿ ಅಂದ್ಲು. ಮಧ್ಯಾಹ್ನದ ಮಟಾ ಕಾದ್ವಿ ಅಕ್ಕಾ. ಸ್ಟೀಫನ್ ಬಸ್ ಸ್ಟ್ಯಾಂಡಿಗೆ ಮೂರ್ ಸಲ ಹೋಗಿ ಬಂದ. ಬರೂದಿಲ್ಲ ಅಂದಿದ್ರ ನಾ ತಡಕೊಂತಿದ್ದೆ. ಬರ್ತೇನಿ ಅಂದು ಬರಲಿಲ್ಲ. ಇನ್ನ ನಾ ಫೋನ್ ಮಾಡಾಕಿ ಅಲ್ಲ. ಕೂಸಿಗೆ ನೀಲಾ ಅಂತ ಹೆಸರ ಇಟ್ಟೇವಿ ಅಂತ ಹೇಳು, ಅಷ್ಟಽ.”

“ನಾ ಕೇಳಿ ನೋಡ್ತೇನಿ,” ಎಂದಳು ದಾಕ್ಷಿ. ಇಷ್ಟೇ ಅವಳ ಬಾಯಿಂದ ಬಂದದ್ದು. ನಿನ್ನ ತಾಯಿ ಬರಲಿಲ್ಲ ಎಂದಲ್ಲ, ಬರುವ ಮಾತನ್ನೇ ನಾನು ಅವಳ ತಲೆಯಿಂದ ಕಿತ್ತೆ ಎಂದು ಹೇಳಲು ಅವಳಿಗೆ ನಾಲಗೆ ಏಳಲಿಲ್ಲ. ಅಡಿಗೆಮನೆಯಲ್ಲಿ ಚಿಗವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

ಇಮ್ತಿಯಾಜ್ ಎಲ್ಲ ಕೇಳಿ, “ಈಗಽ ಎದ್ದು ಹೋಗಿ ಹೇಳಕ್ಕಾ,” ಎಂದ. “ಮತ್ತ ಆ ಗೆರೀನ ಅಂಗಡಿಯಿಂದ ತಗಿ. ಅದು ನಮ್ಮ ಬಾವೀದಲ್ಲ.”

“ಬಿಡುಗಡಿ ಆಗಲಿ, ಆಮ್ಯಾಲೆ.”

“ಆಮ್ಯಾಲೆ ಅಂದ್ರ?”

ದಾಕ್ಷಿ ಪರದೆಯ ಕಡೆಗೆ ತಿರುಗಿದಳು. ಅವನು ಚೀಲ ಹೆಗಲಿಗೆ ಹಾಕಿ ಮನೆಗೆ ಹೋದ. ಹೋಗುವಾಗ ಚಿಗವ್ವ, “ರೊಟ್ಟಿ ತಿಂದ ಹೋಗೋ,” ಎಂದರೆ, ತಲೆ ಎತ್ತದೆ, “ಹಸಿವಿಲ್ಲ ಚಿಗವ್ವ,” ಎಂದ.

ಒಳ್ಳೆಯವರು ಇಲ್ಲಿಗೆ ನಿಲ್ಲಿಸಿ, ಎದ್ದು ಹೋಗಿ, ಕಾಲು ಹಿಡಿದು, ಹೇಳಬೇಕಾದ್ದನ್ನು ಹೇಳುತ್ತಾರೆ. ದಾಕ್ಷಿ ಕೆಟ್ಟವಳಲ್ಲ. ಆದರೆ ಹತ್ತು ವರ್ಷ ಒಂದೇ ಕಸುಬು ಮಾಡಿದ ಕೈಗೆ ಅದೇ ಬುದ್ಧಿ. ಮೊದಲ ಸಲಕ್ಕೆ ಸರಿಯಾಗುವುದು ಯಾವುದೂ ಇಲ್ಲ, ಆಡಿಸಿ ನೋಡಬೇಕು, ತಿದ್ದಬೇಕು ಎಂದು ಕಲಿತ ಕೈ ಅದು. ತಪ್ಪೊಪ್ಪಿಗೆಯನ್ನೂ ಅವಳು ಹಾಗೆಯೇ ಯೋಚಿಸಿದಳು. ಚಿಗವ್ವನಿಗೆ ಪಟ್ಟಿ ಕಟ್ಟಿ ಹೇಳುವುದು. ಸರಿಹೋಗದಿದ್ದರೆ ಮರಳಿಸುವುದು.

ಮರುದಿನ ಊಟವಾದ ಮೇಲೆ ಹಿಂದಿನ ಕೋಣೆಯಲ್ಲಿ ಚಿಗವ್ವನನ್ನು ಮಂಚದ ಮೇಲೆ ಕೂರಿಸಿ ಪಟ್ಟಿ ಕಟ್ಟಿದಳು. ತಾನು ಪಕ್ಕದಲ್ಲೇ ಲ್ಯಾಪ್‌ಟಾಪ್ ಹಿಡಿದು ಕೂತಳು.

“ಇವತ್ತ ನೀನೂ ಒಳಗಽ ಕುಂದರತಿಯೇನು? ರೈಟ್, ಬಿಡು ಗಾಡಿ,” ಎಂದಳು ಚಿಗವ್ವ.

ದಾಕ್ಷಿ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಶೈಲಾಳ ಫೋನು, ಕೂಸು, ನೀನು ನನ್ನ ಹೆಸರು ಹಿಡಿದು ಕೂಗುತ್ತ ಬಂದದ್ದು, ನಾನು ಕೇಳಿಸಿಕೊಂಡೂ ಗುಂಡಿ ಒತ್ತಿದ್ದು. ಚಿಗವ್ವ ಅತ್ತಳು. ಸದ್ದು ಮಾಡದೆ, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಆಮೇಲೆ ಎದ್ದು ಕಪಾಟಿನ ಮೇಲಿದ್ದ ಪ್ರವಾಸದ ಚೀಲವನ್ನು ಎಳೆದು ಮಂಚದ ಮೇಲೆ ಒಗೆದಳು.

“ಗದಗ ಬಸ್ಸಿಗೆ ಹೋಗ್ತೇನಿ. ನೀ ಬರಬ್ಯಾಡ. ಮಗಳ್ನ ಒಮ್ಮೆ ನಾನಽ ಕಳಕೊಂಡಿದ್ದೆ, ಎರಡನೇ ಸಲ ನೀ ಕಳದಿ. ನಿನ್ನ ಮಾರಿ ಮತ್ತ ನೋಡೂದಿಲ್ಲ ನಾ.”

ದಾಕ್ಷಿಗೆ ಕೊನೆಯ ಮಾತೊಂದೇ ಕೇಳಿಸಿತು. ಬೆರಳು ತಾನಾಗಿಯೇ ಹೋಗಿ ಒತ್ತಿತು. ಚಿಗವ್ವ ಮಂಚದ ಪಕ್ಕ ಸುಮ್ಮನೆ ನಿಂತಳು. ದಾಕ್ಷಿ ಚೀಲವನ್ನು ಮಂಚದ ಕೆಳಗೆ ತಳ್ಳಿ, ಅವಳ ತೋಳು ಹಿಡಿದು ಕೂರಿಸಿದಳು. “ಆಟ ಚಾಲೂ ಮಾಡೂದಿಲ್ಲೇನು?” ಎಂದಳು ಚಿಗವ್ವ.

ಎರಡನೇ ಸಲ ತಪ್ಪನ್ನು ಯಂತ್ರದ ಮೇಲೆ ಹಾಕಿದಳು. ಪಟ್ಟಿ ಕೆಟ್ಟಿತ್ತು, ತಾನಾಗಿಯೇ ಅಳಿಸಿಬಿಟ್ಟಿತು ಎಂದಳು. ಚಿಗವ್ವ ಅತ್ತಳು, ಅಳುತ್ತಲೇ ದಾಕ್ಷಿಯ ಮುಖವನ್ನು ನೋಡಿದಳು. “ಸುಳ್ಳ ಹೇಳಬ್ಯಾಡ. ಟಿಕೆಟ್ ತಗಸದ ಕುಂತಾವ್ರ ಮಾರಿ ಭಾಳ ನೋಡೇನಿ ನಾ.” ದಾಕ್ಷಿ ಮತ್ತೆ ಒತ್ತಿದಳು.

ಮೂರನೇ ಸಲಕ್ಕೆ ಅವಳು ಕಸುಬಿನವಳಂತೆ ಯೋಚಿಸಿದಳು. ಮೊದಲು ಸಂತೋಷ, ತಪ್ಪು ಆಮೇಲೆ, ಅದೂ ಮೆಲ್ಲಗೆ. “ಚಿಗವ್ವ, ಶೈಲಾಗ ಹೆಣ್ಣ ಕೂಸು ಹುಟ್ಟೈತಿ. ನಿನ್ನ ಹೆಸರಽ ಇಟ್ಟಾಳ.” ಚಿಗವ್ವ ಎರಡೂ ಕೈ ಎದೆಗೆ ಇಟ್ಟುಕೊಂಡಳು. ದಾಕ್ಷಿಯ ತೊಡೆಯ ಮೇಲಿದ್ದ ಪರದೆಯಲ್ಲಿ ಗೆರೆ ಎದ್ದಿತು, ಅಂದಿನಂತೆಯೇ ನೆತ್ತಿಗೆ ಹೊಡೆಯಿತು. ಅದು ಇಳಿಯುವ ಮೊದಲೇ ದಾಕ್ಷಿ ಉಳಿದದ್ದನ್ನು ಹೇಳಿದಳು. ಶೈಲಾ ಫೋನ್ ಮಾಡಿದ್ದಳು, ಆಟದ ಹೊತ್ತಿಗೆ ಬಂತು, ನನಗೆ ಗೊತ್ತಾಗಲಿಲ್ಲ, ಮರಳಿಸಿಬಿಟ್ಟೆ. ಕೂಗಿದ್ದನ್ನು ಕೇಳಿಸಿಕೊಂಡೆ ಎಂಬ ಮಾತನ್ನು ಬಿಟ್ಟಳು.

ಚಿಗವ್ವ ಅಳುತ್ತ ನಗುತ್ತ ಅವಳ ತಲೆ ಸವರಿದಳು. “ಹೋಗಲಿ ಬಿಡವಾ. ನೀ ಏನ್ ಬೇಕಂತ ಮಾಡೀಯೇನು? ನಾಳೆ ಇಬ್ಬರೂ ಕೂಡಿ ಹೋಗೂಣಂತ.”

ಆಯಿತು. ಇದಕ್ಕಿಂತ ಚೆನ್ನಾಗಿ ಆಗಲು ಸಾಧ್ಯವಿರಲಿಲ್ಲ. ದಾಕ್ಷಿ ಇಟ್ಟುಕೋ ಗುಂಡಿಯ ಮೇಲೆ ಬೆರಳು ತಂದಳು. ತಲೆಯ ಮೇಲೆ ಚಿಗವ್ವನ ಕೈ ಇತ್ತು. ಆ ಕೈ ಸವರುತ್ತಿರುವುದು ಕೂಗನ್ನು ಕೇಳಿಸಿಕೊಳ್ಳದ ಬೇರೊಬ್ಬ ದಾಕ್ಷಿಯ ತಲೆಯನ್ನು ಎಂದು ಅವಳಿಗೆ ಅನಿಸಿತು, ಮುಖ ಎತ್ತಲಾಗಲಿಲ್ಲ.

ಚಿಗವ್ವ ಕಣ್ಣೊರೆಸಲು ಸೆರಗು ಎತ್ತಿದವಳು ಅದನ್ನು ಹಿಂಡಿ ನೋಡಿದಳು.

“ದಾಕ್ಷಿ, ಇದು ಯಾಕ ಇಷ್ಟು ತೋಯ್ದೈತಿ? ನಾ ಅತ್ತಿದ್ದು ಈಗ ಎರಡ ಹನಿ.” ಗಂಟಲು ಮುಟ್ಟಿಕೊಂಡಳು. “ದನಿ ಕುಂತೈತಿ. ಕಣ್ಣು ಉರಿಯಾಕತ್ತಾವ.” ಕೆಳಗೆ ನೋಡಿದಳು. ಮಂಚದ ಕೆಳಗಿನಿಂದ ಚೀಲದ ಹಿಡಿಕೆ ಹೊರಗೆ ಬಂದಿತ್ತು. “ಕಪಾಟಿನ ಮ್ಯಾಲಿನ ಚೀಲಾ ಇಲ್ಲಿಗೆ ಹೆಂಗ ಬಂತು?”

ದಾಕ್ಷಿಯ ಬೆರಳು ಇಟ್ಟುಕೋ ಬಿಟ್ಟು ಅದರ ಪಕ್ಕದ ಗುಂಡಿಯ ಕಡೆಗೆ ಸರಿಯಿತು. ಚಿಗವ್ವ ಅದನ್ನು ಕಂಡಳು.

“ಹೋಲ್ಡಾನ್,” ಎಂದಳು.

ಬಸ್ಸು ನಿಲ್ಲಿಸಲು ಕೂಗುವ ಅದೇ ದನಿ. ದಾಕ್ಷಿಯ ಕೈ ನಿಂತಿತು.

“ಎಷ್ಟ ಸಲ ಹೇಳೀದಿ ನಂಗ ಇದನ್ನ?”

“ಮೂರು.”

“ಮೂರೂ ಸಲ ಅತ್ತೇನು ನಾ?”

“ಹೂಂ.”

“ಮೊದಲ್ನೇ ಸಲ ನಾ ಏನಂದೆ?”

ದಾಕ್ಷಿ ಅಳಲು ಶುರುಮಾಡಿದಳು. ಚಿಗವ್ವ ಸಮಾಧಾನ ಹೇಳಲಿಲ್ಲ. ನಡೆದದ್ದನ್ನು ಹೇಳದೆ ದಾಕ್ಷಿಗೆ ಬೇರೆ ದಾರಿ ಇರಲಿಲ್ಲ. ದಾಕ್ಷಿ ಒಂದೊಂದೇ ಮಾತು ಹೇಳಿದಳು: ಗದಗ ಬಸ್ಸು, ನೀ ಬರಬ್ಯಾಡ, ಎರಡನೇ ಸಲ ಕಳೆದದ್ದು, ಮುಖ ನೋಡುವುದಿಲ್ಲ ಎಂದದ್ದು. ಬಿಟ್ಟಿದ್ದನ್ನೂ ಹೇಳಿದಳು. ಅವತ್ತು ನೀನು ಕೂಗಿದ್ದು ನನಗೆ ಕೇಳಿಸಿತ್ತು, ಕೇಳಿಸಿದ ಮೇಲೆಯೇ ಒತ್ತಿದೆ ಎಂದಳು.

“ಹಂಗಾದ್ರ ಅದಽ ನನ್ನ ಮಾತು,” ಎಂದಳು ಚಿಗವ್ವ. “ಈಗ ಹೋಗಲಿ ಬಿಡು ಅಂದ್ನಲ್ಲ, ಅದು ನನ್ನದಲ್ಲ. ಅದು ನೀ ಹೊಸದ ಹಗ್ಗಾ.”

ಲ್ಯಾಪ್‌ಟಾಪನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. “ಇದರಾಗ ನೆನಪ ಉಳಿಯೂದು ಯಾವುದು?”

ದಾಕ್ಷಿ ತೋರಿಸಿದಳು. ಚಿಗವ್ವ ಕನ್ನಡಕ ಏರಿಸಿ, ಅಕ್ಷರ ಓದಿ, ತಾನೇ ಒತ್ತಿದಳು. “ಇದು ನಂಗ ನೆನಪಿರಬೇಕು,” ಎಂದಳು. ಪಟ್ಟಿ ಬಿಚ್ಚಿ ಮಂಚದ ಮೇಲೆ ಇಟ್ಟಳು. ಚೀಲಕ್ಕೆ ಎರಡು ಸೀರೆ ಹಾಕಿದಳು, ಟ್ರಂಕಿನಿಂದ ಒಂದು ಹಳೇ ಕೌದಿ ತೆಗೆದು ಅದನ್ನೂ ತುಂಬಿದಳು. ದಾಕ್ಷಿಯನ್ನೂ ಶೈಲಾಳನ್ನೂ ಒಟ್ಟಿಗೆ ಮಲಗಿಸುತ್ತಿದ್ದ ಕೌದಿ ಅದು.

“ಬಸ್ ಸ್ಟ್ಯಾಂಡ್ ಮಟಾ ಬರ್ತೇನಿ ಚಿಗವ್ವ. ಚೀಲಾ ಹಿಡಕೊಂತೇನಿ.”

“ಬ್ಯಾಡ,” ಎಂದಳು ಚಿಗವ್ವ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದಳು. ಆಟೋದವನನ್ನು ನಿಲ್ಲಿಸಿ ಮಾತಾಡುವುದು ಕೇಳಿಸಿತು. ದಾಕ್ಷಿ ಬಾಗಿಲ ತನಕವೂ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುತ್ತಾಳೆ?

ಸಂಜೆ ಶೈಲಾಳಿಂದ ಎರಡು ಶಬ್ದದ ಸಂದೇಶ ಬಂತು: ‘ಅವ್ವ ಬಂದಾಳ.’ ಅದಕ್ಕೆ ದಾಕ್ಷಿ ಉದ್ದದ ಉತ್ತರ ಬರೆದಳು, ಎಲ್ಲವನ್ನೂ ಬರೆದಳು, ಒಂದಕ್ಷರವೂ ತಿದ್ದದೆ ಕಳಿಸಿದಳು. ಆ ಕಡೆಯಿಂದ ಮತ್ತೇನೂ ಬರಲಿಲ್ಲ.

ಆಟಕಟ್ಟೆಗೂ ಅವತ್ತೇ ಹೇಳಿದಳು. ಮಿಥಿಲಾ ಪೈ ಮೊದಲು ನಂಬಲಿಲ್ಲ. “ಗೆರೆ ಸುಳ್ಳಲ್ಲವಲ್ಲ ಮಾರಾಯ್ರೆ, ಅಳು ನಿಜವೇ ಅಲ್ಲವಾ? ಯಾಕೆ ಬಂತು ಅಂತ ಯಾರು ಕೇಳ್ತಾರೆ?”

“ಅಳು ಖರೇನ ರೀ. ನಮ್ಮ ಆಟದ್ದಲ್ಲ ಅದು,” ಎಂದಳು ದಾಕ್ಷಿ.

ಮಿಥಿಲಾ ಸ್ವಲ್ಪ ಹೊತ್ತು ತನ್ನ ಹಿಂದಿನ ಗೋಡೆಯ ಕಡೆಗೆ ತಿರುಗಿ ನೋಡಿದಳು. ಅಲ್ಲಿ ಸಾವಿರಾರು ಗೆರೆಗಳು ಏರಿಳಿಯುತ್ತಿದ್ದವು. ಅವುಗಳಲ್ಲಿ ಯಾವುದು ಯಾರ ಮನೆಯದೋ. “ಮುಂಬಾಗಿಲು ಬೇರೆಯವರಿಗೆ ಹೋಗ್ತದೆ, ಮತ್ತೆ ನನ್ನ ಹತ್ರ ಕೇಳಬಾರದು,” ಎಂದು ಸಂಪರ್ಕ ಮುಗಿಸಿದಳು.

‘ಹಗ್ಗ’ ಹಿಂದಿನ ಕಪಾಟಿನಲ್ಲಿ ಬಿಡುಗಡೆಯಾಯಿತು. ಮುಖಚಿತ್ರದ ಕೆಳಗೆ ಗೆರೆ ಇರಲಿಲ್ಲ. ಕೊಳ್ಳುತ್ತೇವೆ ಎಂದು ಗುರುತು ಹಾಕಿದ್ದವರಲ್ಲಿ ಬಹಳ ಮಂದಿ ಅಳಿಸಿಕೊಂಡು ಹೋದರು. ಇಮ್ತಿಯಾಜ್ ತಿರುಗಿ ಬಂದು ತನ್ನ ಕುರ್ಚಿಯಲ್ಲಿ ಕೂತಿದ್ದ. ಇಬ್ಬರೂ ಯಾವ ಊರಿನಲ್ಲಿ ಯಾರು ಕೊಂಡರು ಎಂದು ನೋಡುತ್ತ ಕೂತರು. ಬೆಂಗಳೂರಲ್ಲಿ ಕೆಲವರು, ಪೋಲೆಂಡಿನಲ್ಲಿ ಒಬ್ಬರು.

“ಅಕ್ಕಾ, ಗದಗಿನಾಗೊಂದು,” ಎಂದ ಇಮ್ತಿಯಾಜ್.

ಆಡುತ್ತಿರುವವರ ಹೆಸರನ್ನು ಅಂಗಡಿ ತೋರಿಸುವುದಿಲ್ಲ, ಊರು ಮತ್ತು ಗೆರೆ ಮಾತ್ರ. ಅವರು ಗೆರೆಯನ್ನು ನೋಡಿದರು. ಆಗಾಗ ಅದು ತುಂಡಾಗುತ್ತಿತ್ತು. ಯಾರೋ ಆಟವನ್ನು ತಡೆದು, ಎದ್ದು ಹೋಗಿ, ಮತ್ತೆ ಬಂದು ಆಡುತ್ತಿದ್ದರು. ಕೂಸು ಇರುವ ಮನೆಯಲ್ಲಿ ಹಾಗೆಯೇ. ಯಾರೋ ಮಾತನಾಡಿಸಿದಾಗಲೆಲ್ಲ ತಪ್ಪದೆ ತಡೆಯುತ್ತಿದ್ದರು. ಬಾವಿಯ ಹತ್ತಿರ ಗೆರೆ ಚೂರೂ ಏಳಲಿಲ್ಲ. ಹಸಿರು ಬಳೆ ಮೇಲೆ ಬಂದಿತು, ಗೆರೆ ಮಲಗಿಯೇ ಇತ್ತು. ದಾಕ್ಷಿಯ ಬಾವಿ ಇದ್ದದ್ದೇ ಅಷ್ಟು.

ಆಟ ಮುಗಿಯಿತು. ಈಗ ಆ ಮನೆಯ ಪರದೆಯ ಮೇಲೆ ಎರಡು ಗುಂಡಿ ಬಂದಿರುತ್ತವೆ. ಮರಳಿಸಲಿ ಎಂದು ದಾಕ್ಷಿ ಬೇಡಿಕೊಂಡಳು. ಇಷ್ಟು ಸಪ್ಪೆ ಆಟಕ್ಕಾಗಿ ತನ್ನ ಮಗಳನ್ನು ಕಳೆದರಲ್ಲ ಎಂದು ಚಿಗವ್ವನಿಗೆ ನೆನಪಿರುವುದು ಬೇಡ ಎಂದು ಬೇಡಿಕೊಂಡಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗದಗದ ಮುಂದೆ ಒಂದು ಶಬ್ದ ಮೂಡಿತು.

‘ಇಟ್ಟುಕೊಂಡಿದ್ದಾರೆ.’